ನಮ್ಮ ಕನ್ನಡ ಇಂಗ್ಲಿಷಿನ ವೇಷ ಹಾಕಿದ್ದ ಕಾಲ

ಕಳೆದ ಬೇಸಿಗೆಯಲ್ಲಿ ಕೊಟ್ಟೂರು ಕಡೆಯ ಒಂದು ಹಳ್ಳಿಗೆ ಬಯಲಾಟದ ಸುದ್ದಿ ಮಾಡಲು ಹೋಗಿದ್ದೆವು. ಆಟ ಕಲಿಸುವ ಅಜ್ಜ ಮಾತಾಡಿ ಮುಗಿಸಿ, ಒಳಗಿನಿಂದ ಒಂದು ಸಿ.ಡಿ. ತಂದು ನಮ್ಮ ಕೈಗೆ ಕೊಟ್ಟರು. ಅದರ ಮೇಲೆ ಪೆನ್ನಿನಲ್ಲಿ ‘ಕರ್ಣಾರ್ಜುನ ಕಾಳಗ’ ಎಂದು ಬರೆದಿತ್ತು.

ಅವರ ಗುರುಗಳು ಕೈಯಲ್ಲಿ ಬರೆದಿಟ್ಟಿದ್ದ ಪುಸ್ತಕ ಗೆದ್ದಲಿಗೆ ಹೋಗುತ್ತಿದೆ ಎಂದು ಇಪ್ಪತ್ತು ವರ್ಷದ ಹಿಂದೆ ಪೇಟೆಯ ಡಿ.ಟಿ.ಪಿ. ಅಂಗಡಿಯಲ್ಲಿ ಕೂತು ಟೈಪ್ ಮಾಡಿಸಿದ್ದರಂತೆ. ಒಂದಷ್ಟು ಪ್ರತಿ ತೆಗೆಸಿ ಪಾತ್ರಧಾರಿಗಳಿಗೆ ಹಂಚಿದ್ದರು. ಪ್ರತಿಗಳು ಹರಿದವು, ಕಳೆದವು. ಕೈಬರಹದ ಪುಸ್ತಕ ಕೊನೆಗೂ ಗೆದ್ದಲಿಗೇ ಆಯಿತು. ಅಂಗಡಿಯೂ ಮುಚ್ಚಿತು. ಉಳಿದದ್ದು ಈ ಸಿ.ಡಿ. ಒಂದೇ.

‘ಇದರೊಳಗ ಐತಿ ನೋಡ್ರಪ್ಪ. ಮೊಬೈಲಿಗೆ ಹಾಕಿಕೊಡ್ರಿ, ಹುಡುಗರಿಗೆ ಕಲಿಸ್ತೀನಿ’ ಅಂದರು.

ಈಗಿನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಹಗರಿಬೊಮ್ಮನಹಳ್ಳಿಯ ಗೆಳೆಯನೊಬ್ಬನ ಮನೆಯಲ್ಲಿ ಹಳೆಯ ಕಂಪ್ಯೂಟರ್ ಸಿಕ್ಕಿತು. ಪುಣ್ಯಕ್ಕೆ ಸಿ.ಡಿ. ಓದಿಕೊಂಡಿತು. ಫೈಲನ್ನು ಅಜ್ಜನ ಮೊಮ್ಮಗನ ಮೊಬೈಲಿಗೆ ವಾಟ್ಸಾಪಿನಲ್ಲಿ ಕಳಿಸಿದೆವು. ಅರ್ಧ ಗಂಟೆಗೆ ಅಜ್ಜನ ಫೋನ್ ಬಂತು.

‘ತಮ್ಮಾ, ಇದೇನೋ ಇಂಗ್ಲಿಷ್ ಮಂತ್ರ ಬಂದೈತಲ್ಲ! ನಂದು ಕನ್ನಡದ ಆಟ.’

ಈ ಇಂಗ್ಲಿಷ್ ಮಂತ್ರವನ್ನು ನಮ್ಮ ಓದುಗರಲ್ಲಿ ಬಹಳ ಜನ ನೋಡಿದ್ದೀರಿ. ಹಳೆಯ ಕರಪತ್ರ, ಸಂಘದ ಬೈಲಾ, ಜಮೀನಿನ ಕರಾರು, ಮದುವೆ ಕಾರ್ಡು ಯಾವುದಾದರೂ ಆಗಲಿ, ಡಿ.ಟಿ.ಪಿ. ಅಂಗಡಿಯ ಕಂಪ್ಯೂಟರಿನಲ್ಲಿ ಚಂದದ ಕನ್ನಡವಾಗಿದ್ದದ್ದು ಮೊಬೈಲಿಗೆ ಬಂದ ಕೂಡಲೇ ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯಾಗುತ್ತದೆ. ಫೈಲ್ ಕೆಟ್ಟಿದೆ, ವೈರಸ್ ಬಂದಿದೆ ಎಂದು ಅಳಿಸಿ ಹಾಕುವವರೇ ಹೆಚ್ಚು. ಆದರೆ ಫೈಲ್ ಕೆಟ್ಟಿರುವುದಿಲ್ಲ. ಅದು ಹುಟ್ಟಿದ್ದೇ ಹಾಗೆ. ಆ ಕತೆಯನ್ನು ಕೆದಕುತ್ತಾ ಹೋದರೆ ಕಂಪ್ಯೂಟರಿಗೆ ಕನ್ನಡ ಕಲಿಸಿದ ಇತಿಹಾಸವೇ ಎದುರಾಯಿತು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಯಾವ ಅಂಕಿಗೆ ಯಾವ ಅಕ್ಷರ ಎಂದು ಅಮೆರಿಕದವರು 1963ರಲ್ಲಿ ಒಂದು ಪಟ್ಟಿ ಮಾಡಿದರು. ಅದರ ಹೆಸರು ಆಸ್ಕಿ. ಅದರಲ್ಲಿದ್ದ ಮನೆಗಳು 128. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆಗಳಿಗೆ ಅಷ್ಟು ಸಾಕಾಗಿತ್ತು. ಮುಂದೆ ಮನೆಗಳು 256 ಆದವು. ಹೆಚ್ಚಾದ ಮನೆಗಳಿಗೆ ಫ್ರೆಂಚರು, ಜರ್ಮನ್ನರು ಬಂದು ಸೇರಿಕೊಂಡರು. ಕನ್ನಡಕ್ಕೆ ಒಂದು ಮನೆಯೂ ಇರಲಿಲ್ಲ.

ಹಾಗಾದರೆ ಕನ್ನಡ ಅಚ್ಚಾಗುವುದು ಹೇಗೆ? ನಮ್ಮವರು ಒಂದು ಉಪಾಯ ಹುಡುಕಿದರು. ಪಟ್ಟಿ ಇಂಗ್ಲಿಷಿನದೇ ಇರಲಿ, ಆ ಅಕ್ಷರಗಳ ಚಿತ್ರ ಮಾತ್ರ ಬದಲಾಯಿಸೋಣ ಎಂದರು. ಕಂಪ್ಯೂಟರ್ ‘ಪಿ’ ಎಂದು ತಿಳಿದುಕೊಂಡಿರುತ್ತದೆ, ಪರದೆಯ ಮೇಲೆ ಮಾತ್ರ ‘ಕ’ದ ಚಿತ್ರ ಮೂಡುತ್ತದೆ. ಬಯಲಾಟದ ಭಾಷೆಯಲ್ಲೇ ಹೇಳಿದರೆ, ಒಳಗಿರುವ ಮನುಷ್ಯ ಬೇರೆ, ಮೇಲಿನ ವೇಷ ಬೇರೆ. ಆ ವೇಷದ ಪೆಟ್ಟಿಗೆಯೇ ಫಾಂಟು.

ಇಲ್ಲೂ ಒಂದು ತೊಡಕಿತ್ತು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಸಾವಿರಾರು ಆಕಾರ, ಇರುವ ಮನೆ 256. ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿದರು. ಬುಡ ಒಂದು, ತಲೆಕಟ್ಟು ಒಂದು, ಕೊಂಬು ಒಂದು, ಒತ್ತು ಒಂದು. ಹಳೆಯ ಪ್ರೆಸ್ಸುಗಳಲ್ಲಿ ಸೀಸದ ಮೊಳೆ ಜೋಡಿಸಿದಂತೆ ತುಂಡು ತುಂಡು ಜೋಡಿಸಿ ಅಕ್ಷರ ಮಾಡುವುದು.

‘ಕನ್ನಡ’ ಎಂಬ ಪದವನ್ನೇ ನೋಡಿ. ನುಡಿ ಫಾಂಟಿನ ಹಳೆಯ ಫೈಲಿನೊಳಗೆ ಅದು ಹೀಗಿರುತ್ತದೆ: ಮೊದಲು ದೊಡ್ಡ ಪಿ, ಅದು ತಲೆಕಟ್ಟಿಲ್ಲದ ಕ. ಆಮೇಲೆ ತಲೆ ಮೇಲೆ ಓರೆಗೆರೆ ಇರುವ ಎ, ಅದು ತಲೆಕಟ್ಟು. ಆಮೇಲೆ ಇಂಗ್ಲೆಂಡಿನ ದುಡ್ಡಿನ ಗುರುತು ಪೌಂಡ್, ಅದು ನ. ಮತ್ತೆ ತಲೆಕಟ್ಟಿನ ಎ. ಆಮೇಲೆ ಜರ್ಮನ್ನರ ಒಂದು ವಿಚಿತ್ರ ಅಕ್ಷರ, ಅದು ನಕಾರದ ಒತ್ತು. ಆಮೇಲೆ ಸಣ್ಣ ಕ್ಯೂ, ಅದು ಡ. ಕೊನೆಗೆ ಮತ್ತೆ ತಲೆಕಟ್ಟು. ಮೂರು ಅಕ್ಷರದ ಕನ್ನಡಕ್ಕೆ ಏಳು ತುಂಡು. ಇಂಗ್ಲೆಂಡಿನ ದುಡ್ಡು, ಜರ್ಮನಿಯ ಅಕ್ಷರ ಸೇರಿ ಕನ್ನಡ! ನಿಮ್ಮ ಮೊಬೈಲಿನಲ್ಲಿ ಆ ವೇಷದ ಪೆಟ್ಟಿಗೆ ಇಲ್ಲ. ಅದಕ್ಕೇ ವೇಷ ಕಳಚಿದ ಪಾತ್ರಧಾರಿಗಳು ಹಾಗೆ ಹಾಗೇ ರಂಗಕ್ಕೆ ಬಂದು ನಿಲ್ಲುತ್ತಾರೆ.

ಈ ಉಪಾಯ ಮಾಡಿದವರನ್ನು ಬೈಯುವ ಹಾಗಿಲ್ಲ. ಅವರು ಮಾಡದಿದ್ದರೆ ಇಪ್ಪತ್ತು ವರ್ಷ ಕನ್ನಡದಲ್ಲಿ ಒಂದು ಕರಪತ್ರವೂ ಕಂಪ್ಯೂಟರಿನಿಂದ ಬರುತ್ತಿರಲಿಲ್ಲ.

ಈ ಕತೆಯಲ್ಲಿ ನಮಗೆ ಬಹಳ ಹಿಡಿಸಿದ ಮನುಷ್ಯ ಕೆ.ಪಿ. ರಾವ್. ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಅಚ್ಚಿನ ಅಕ್ಷರಗಳಿಗೆ ಹೆಸರಾದ ಮೊನೊಟೈಪ್ ಕಂಪನಿಯಲ್ಲಿ ಕೆಲಸ ಮಾಡಿದವರು. 1980ರ ದಶಕದಲ್ಲಿ ಕನ್ನಡ ತಂತ್ರಾಂಶ ಒಂದನ್ನು ಮಾಡಿ ಅದಕ್ಕೆ ‘ಸೇಡಿಯಾಪು’ ಎಂದು ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಆಮೇಲೆ ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು.

ಕನ್ನಡದ ಟೈಪ್‌ರೈಟರಿನಲ್ಲಿ ಅಕ್ಷರದ ತುಂಡುಗಳಿಗೆ ಒಂದೊಂದು ಕೀಲಿ ಇತ್ತು. ಅದನ್ನು ಕಲಿಯಲು ತಿಂಗಳುಗಟ್ಟಲೆ ಕ್ಲಾಸಿಗೆ ಹೋಗಬೇಕಿತ್ತು. ರಾವ್ ಅವರು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಬಾಯಲ್ಲಿ ಹೇಗೆ ಹೇಳುತ್ತೇವೋ ಹಾಗೆ ಒತ್ತಿದರೆ ಆಯಿತು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಒತ್ತಕ್ಷರ ಬೇಕಾದಾಗ ನಡುವೆ ಎಫ್. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಮುಗಿಯಿತು. ಟ ಬೇಕಾದರೆ ಮಾತ್ರ ಕ್ಯೂ ಒತ್ತಬೇಕು, ಏಕೆಂದರೆ ಟಿ ಕೀಲಿಯಲ್ಲಿ ತ ಕೂತಿದೆ. ಹಾಗಾಗಿ ಕೊಟ್ಟೂರು ಬರೆಯಬೇಕೆಂದರೆ ಕೆ, ಒ, ಕ್ಯೂ, ಎಫ್, ಕ್ಯೂ, ದೊಡ್ಡ ಯು, ಆರ್, ಯು. ಲೆಕ್ಕ ಹಾಕಿ, ಎಂಟು ಸಲ. ಈ ಎಂಟನ್ನು ನೆನಪಿಡಿ, ಮುಂದೆ ಬರುತ್ತದೆ.

ಈ ಕೀಲಿಮಣೆಯೇ ಮುಂದೆ ಸರ್ಕಾರದ ಶಿಷ್ಟ ಕೀಲಿಮಣೆಯಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಪುಕ್ಕಟೆ ಸಿಗುತ್ತಿದ್ದ ಇವೆರಡು ಹಳ್ಳಿ ಪೇಟೆಗಳಲ್ಲಿ ಡಿ.ಟಿ.ಪಿ. ಅಂಗಡಿ ಹುಟ್ಟಲು ದೊಡ್ಡ ಆಸರೆ. ಪತ್ರಿಕೆಗಳು, ದೊಡ್ಡ ಪ್ರೆಸ್ಸುಗಳು ದುಡ್ಡು ಕೊಟ್ಟು ಶ್ರೀಲಿಪಿಯಂಥವನ್ನು ಇಟ್ಟುಕೊಂಡವು. ಕಾದಂಬರಿಕಾರ ಪೂರ್ಣಚಂದ್ರ ತೇಜಸ್ವಿ ಅವರು ಕಾಡು, ಮೀನು, ಹಕ್ಕಿಗಳ ನಡುವೆಯೇ ಈ ವಿಷಯಕ್ಕೂ ತಲೆಹಾಕಿ ಜಗಳವಾಡಿದರು. ಅವರ ಒತ್ತಾಸೆಯಿಂದ ಹಂಪಿ ವಿಶ್ವವಿದ್ಯಾಲಯದಿಂದ ‘ಕುವೆಂಪು’ ಎಂಬ ತಂತ್ರಾಂಶವೂ ಬಂತು.

ಎಡವಟ್ಟಾದದ್ದು ಎಲ್ಲಿ ಅಂದರೆ, ಬೆರಳು ಒತ್ತುತ್ತಿದ್ದದ್ದು ಉಚ್ಚಾರವನ್ನು, ಫೈಲಿನಲ್ಲಿ ಉಳಿಯುತ್ತಿದ್ದದ್ದು ಆಕಾರದ ತುಂಡುಗಳು. ಅಂಗಡಿಯ ಹುಡುಗ ‘ಕ’ ಎಂದು ಒತ್ತುತ್ತಿದ್ದ. ಕಂಪ್ಯೂಟರ್ ‘ಪಿ, ಗೆರೆ ಇರುವ ಎ’ ಎಂದು ಬರೆದಿಟ್ಟುಕೊಳ್ಳುತ್ತಿತ್ತು. ಮೂಲ ಮಾತು ಅಲ್ಲೇ ಕಳೆದುಹೋಯಿತು. ಒಂದು ಫಾಂಟಿನ ತುಂಡಿನ ಲೆಕ್ಕ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕೂಡ್ಲಿಗಿಯಲ್ಲಿ ಟೈಪ್ ಮಾಡಿಸಿದ್ದನ್ನು ಹರಪನಹಳ್ಳಿಯಲ್ಲಿ ತೆರೆಯಬೇಕೆಂದರೆ ಫಾಂಟನ್ನೂ ಫ್ಲಾಪಿಯಲ್ಲಿ ಹಾಕಿಕೊಂಡು ಬಸ್ ಹತ್ತಬೇಕಿತ್ತು.

ಇದೇ ಹೊತ್ತಿಗೆ ಸರ್ಕಾರ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ‘ಭೂಮಿ’ ಯೋಜನೆ. ಶಾನುಭೋಗರ, ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರ ಹೆಸರು. ಶುರುವಿನಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅದಕ್ಕೂ ಮುಂಚೆ ಒಂದು ಪಹಣಿಗೆ ಎಷ್ಟು ಸಲ ಓಡಾಡಬೇಕಿತ್ತು, ಏನೇನು ಕೊಡಬೇಕಿತ್ತು ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನೇ ಕೇಳಿ. ಆ ಲೆಕ್ಕದಲ್ಲಿ ಇದು ದೊಡ್ಡ ಕೆಲಸವೇ.

ಆದರೆ ಹೆಸರಿನ ಕಾಟ ಶುರುವಾದದ್ದೂ ಕಂಪ್ಯೂಟರಿನಿಂದಲೇ. ಕೈಬರಹದ ಕಾಲದಲ್ಲಿ ಗಂಗವ್ವ ಎಂದಿದ್ದರೂ ಗಂಗಮ್ಮ ಎಂದಿದ್ದರೂ ಊರಿನ ಲೆಕ್ಕಿಗರಿಗೆ ಆ ಹೆಂಗಸು ಯಾರೆಂದು ಗೊತ್ತಿತ್ತು. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ.

ನಮ್ಮ ಸೀಮೆಯಲ್ಲಿ ಕೊಟ್ಟೂರೇಶ್ವರನ ಹೆಸರಿಲ್ಲದ ಓಣಿ ಇಲ್ಲ. ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ. ಕೊಟ್ರೇಶನನ್ನು ಇಂಗ್ಲಿಷಿಗೆ ಹಾಕಿ, ಮತ್ತೆ ಕನ್ನಡಕ್ಕೆ ತನ್ನಿ ಎಂದು ಕಂಪ್ಯೂಟರಿಗೆ ಹೇಳಿ ನೋಡಿ. ಇಂಗ್ಲಿಷಿನಲ್ಲಿ ಟ ಮತ್ತು ತ ಎರಡಕ್ಕೂ ಒಂದೇ ಅಕ್ಷರ, ಒ ಮತ್ತು ಓ ಎರಡಕ್ಕೂ ಒಂದೇ ಅಕ್ಷರ. ಹೋದ ಕೊಟ್ರೇಶ ಕೋತ್ರೇಶನಾಗಿ ಬರಬಹುದು, ಕೊತ್ರೇಶನಾಗಿ ಬರಬಹುದು. ನಮ್ಮ ಬಳಗದ ಒಬ್ಬನ ಅಪ್ಪನಿಗೆ ಆಧಾರದಲ್ಲಿ ಒಂದು, ಪಹಣಿಯಲ್ಲಿ ಒಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದು ಹೆಸರು. ಬೆಳೆ ಪರಿಹಾರದ ದುಡ್ಡು ಬರುವ ಹೊತ್ತಿಗೆ ‘ಈ ಮೂರೂ ಜನ ನಾನೇ’ ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಡಬೇಕಾಯಿತು. ಒಂದು ಅಕ್ಷರದ ತಲೆಕಟ್ಟಿಗೆ ಎರಡು ದಿನದ ಕೂಲಿ ಹೋಯಿತು.

ಊರಿನ ಹೆಸರೂ ಹಾಗೆಯೇ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ಸಾಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನಡುವೆ 2014ರಲ್ಲಿ ಬಳ್ಳಾರಿಯ ಇಂಗ್ಲಿಷ್ ಸ್ಪೆಲಿಂಗೇ ಬದಲಾಯಿತು. ಹರಪನಹಳ್ಳಿಯ ನಮ್ಮ ಗೆಳತಿ ಮನೆ ಬಿಟ್ಟು ಕದಲಿಲ್ಲ, ಕಾಗದಪತ್ರಗಳಲ್ಲಿ ಮಾತ್ರ ಮೂರು ಜಿಲ್ಲೆ ತಿರುಗಿದ್ದಾಳೆ.

ಈ ವೇಷದ ಆಟ ಮುಗಿಸಿದ್ದು ಯುನಿಕೋಡ್. ಲೋಕದ ಎಲ್ಲ ಲಿಪಿಗಳಿಗೂ ಅವರವರದೇ ಮನೆ ಕೊಡುವ ಪಟ್ಟಿ ಅದು. ಮೊದಲ ಆವೃತ್ತಿ 1991ರಲ್ಲಿ ಬಂತು. ಕನ್ನಡಕ್ಕೆ 128 ಮನೆಗಳ ಒಂದು ಓಣಿ ಸಿಕ್ಕಿತು. ಅದರಲ್ಲಿ ತುಂಡುಗಳಿಲ್ಲ, ಸ್ವರ, ವ್ಯಂಜನ, ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತು ಇಷ್ಟೇ. ಜೋಡಿಸಿ ಚಂದ ಕಾಣಿಸುವ ಕೆಲಸ ಕಂಪ್ಯೂಟರಿನದು. ಕೊಟ್ಟೂರು ಎಂಬುದು ಯುನಿಕೋಡಿನಲ್ಲಿ ಎಷ್ಟು ಮನೆ ಗೊತ್ತೇ? ಕ, ಒಕಾರ, ಟ, ಅರ್ಧಾಕ್ಷರದ ಗುರುತು, ಟ, ಊಕಾರ, ರ, ಉಕಾರ. ಎಂಟು. ರಾವ್ ಅವರ ಕೀಲಿಮಣೆಯಲ್ಲಿ ನಾವು ಒತ್ತಿದ್ದೂ ಇದೇ ಎಂಟು, ಇದೇ ಸಾಲಿನಲ್ಲಿ. ಫಾಂಟಿನವರು ಅಕ್ಷರವನ್ನು ಕಣ್ಣಿನಿಂದ ನೋಡಿದರು, ರಾವ್ ಮೊದಲಿನಿಂದಲೂ ಕಿವಿಯಿಂದ ಕೇಳಿದ್ದರು.

ಪಟ್ಟಿ ಬಂದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ವಿಂಡೋಸ್‌ನಲ್ಲಿ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನ ಜೊತೆ. ಮೊಬೈಲುಗಳು ಇನ್ನೂ ತಡ ಮಾಡಿದವು. ನಾವು ಹೈಸ್ಕೂಲಿನಲ್ಲಿದ್ದಾಗ ಕನ್ನಡದ ಮೆಸೇಜು ಬಂದರೆ ಸಾಲುಸಾಲು ಚೌಕ ಡಬ್ಬ ಕಾಣುತ್ತಿದ್ದವು. ಆ ಡಬ್ಬಕ್ಕೆ ಕಂಪ್ಯೂಟರಿನವರು ಇಟ್ಟ ಅಡ್ಡಹೆಸರು ‘ತೋಫು’, ಅಂದರೆ ಸೋಯಾ ಪನ್ನೀರಿನ ತುಂಡು. ಗೂಗಲ್‌ನವರು ಲೋಕದ ಲಿಪಿಗಳಿಗೆಲ್ಲ ಮಾಡಿಸಿದ ಫಾಂಟಿನ ಹೆಸರು ‘ನೋಟೋ’. ‘ನೋ ತೋಫು’, ಡಬ್ಬ ಬೇಡ ಎಂಬುದರ ಗಿಡ್ಡ ರೂಪ.

ಯುನಿಕೋಡ್ ಮಾಡಿದವರೂ ಎಡವಿದ್ದಾರೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಹೋಗಿ, ಕಲ್ಲೇಶ್ವರ ಗುಡಿಯ ಶಾಸನಗಳನ್ನು ನೋಡಿ. ಸಾವಿರ ವರ್ಷ ಹಳೆಯ ಆ ಕಾಲದ ಕನ್ನಡದಲ್ಲಿ ಈಗಿಲ್ಲದ ಒಂದು ಅಕ್ಷರ ಇತ್ತು: ೞ. ‘ಹೞಗನ್ನಡ’ ಎಂದು ಬರೆಯುವಾಗ ಬರುವ ಅಕ್ಷರ. ಅದಕ್ಕೆ ಯುನಿಕೋಡ್ ಪಟ್ಟಿಯಲ್ಲಿ ಮನೆ ಕೊಟ್ಟರು, ಮನೆಯ ಬಾಗಿಲಿಗೆ ಹೆಸರು ಬರೆಯುವಾಗ ಮಾತ್ರ ‘ಕನ್ನಡದ ಫ’ ಎಂದು ಬರೆದುಬಿಟ್ಟರು. ‘ಫ್ಯಾನ್’ ಎನ್ನುವಾಗ ಬರುವ ಫ! ತಪ್ಪು ಗೊತ್ತಾಯಿತು, ಆದರೆ ತಿದ್ದುವಂತಿಲ್ಲ. ಒಮ್ಮೆ ಕೊಟ್ಟ ಹೆಸರು ಎಂದಿಗೂ ಬದಲಾಯಿಸಬಾರದು ಎಂಬುದು ಅವರ ನಿಯಮ. ಕೊನೆಗೆ ಪಕ್ಕದಲ್ಲಿ ‘ಇದರ ಸರಿ ಹೆಸರು ಬೇರೆ’ ಎಂದು ಇನ್ನೊಂದು ಹೆಸರು ಸೇರಿಸಿದರು. ಪಹಣಿಯ ತಪ್ಪು ತಿದ್ದಿಸಲು ಅಲೆದವರಿಗೆ ಇದನ್ನು ಕೇಳಿದರೆ ಸಮಾಧಾನವಾದೀತು.

ಇನ್ನೊಂದು ಲೆಕ್ಕ ಹಗರಿಬೊಮ್ಮನಹಳ್ಳಿಯದು. ಬಾಯಲ್ಲಿ ಹೇಳಿದರೆ ಎಂಟು ಅಕ್ಷರ. ಯುನಿಕೋಡಿನಲ್ಲಿ 15 ಮನೆ. ಇಂಗ್ಲಿಷಿನಲ್ಲಿ 18 ಅಕ್ಷರ. ಆ ಲೆಕ್ಕದಲ್ಲಿ ಕನ್ನಡವೇ ಚಿಕ್ಕದು. ಆದರೆ ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಾದರೆ ಒಂದಕ್ಕೆ 160 ಅಕ್ಷರ ಹಿಡಿಯುತ್ತದೆ, ಕನ್ನಡವಾದರೆ 70 ಮಾತ್ರ. ನಾಲ್ಕು ಸಲ ಊರಿನ ಹೆಸರು ಬರೆದರೆ ಮುಗಿಯಿತು, ಐದನೆಯದಕ್ಕೆ ಇನ್ನೊಂದು ಮೆಸೇಜಿನ ದುಡ್ಡು. ಎಚ್.ಬಿ. ಹಳ್ಳಿ ಎಂದು ಮೊಟಕು ಮಾಡಿಕೊಂಡವರು ಜಾಣರೇ.

ನಮಗೆ ಬಹಳ ನಗು ತರಿಸಿದ್ದು ಕಾಣದ ಅಕ್ಷರಗಳು. ರಾಜ್‌ಕುಮಾರ್ ಎಂದು ಬರೆದರೆ ಕಂಪ್ಯೂಟರ್ ತನ್ನ ಪಾಡಿಗೆ ಜ್ ಮತ್ತು ಕು ಸೇರಿಸಿ ರಾಜ್ಕುಮಾರ್ ಎಂದು ಒತ್ತಕ್ಷರ ಮಾಡಿಬಿಡುತ್ತದೆ. ಬೇಡ, ಬಿಡಿಸಿ ಬರಿ ಎಂದು ಹೇಳಲು ನಡುವೆ ಒಂದು ಗುರುತು ಹಾಕಬೇಕು. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಆದರೆ ಫೈಲಿನಲ್ಲಿ ಇರುತ್ತದೆ. ಇದರ ಅಣ್ಣ ಇನ್ನೊಂದು ಇದೆ, ಸೇರಿಸುವುದಕ್ಕೆ. ‘ರ‍್ಯಾಲಿ’ ಎಂದು ರಕಾರಕ್ಕೆ ಯ ಒತ್ತು ಬರಬೇಕಾದರೆ ಅದು ಬೇಕು, ಇಲ್ಲದಿದ್ದರೆ ‘ರ್ಯಾಲಿ’ ಎಂದು ಅರ್ಕಾವತ್ತು ಆಗುತ್ತದೆ. ಈ ಕಾಣದ ಗುರುತು ಇರುವ ಹೆಸರು, ಇಲ್ಲದ ಹೆಸರು ಎರಡೂ ಕಂಪ್ಯೂಟರಿಗೆ ಬೇರೆ. ಹುಡುಕಿದರೆ ಸಿಗದೇ ಹೋಗಬಹುದು.

2018ರ ಫೆಬ್ರವರಿಯಲ್ಲಿ ಇಂಥದೇ ಒಂದು ಕಾಣದ ಗುರುತು ಲೋಕದ ಐಫೋನುಗಳನ್ನು ಮಲಗಿಸಿತ್ತು. ತೆಲುಗಿನ ‘ಜ್ಞಾ’ ಅಕ್ಷರದ ನಡುವೆ ಅದು ಸೇರಿಕೊಂಡು ಮೆಸೇಜಿನಲ್ಲಿ ಬಂದರೆ ಆ್ಯಪ್ ತಟ್ಟನೆ ಮುಚ್ಚಿಕೊಳ್ಳುತ್ತಿತ್ತು, ಮತ್ತೆ ತೆರೆಯಲು ಬರುತ್ತಿರಲಿಲ್ಲ. ಆಪಲ್ ಕಂಪನಿ ಅವಸರದಲ್ಲಿ ಹೊಸ ಆವೃತ್ತಿ ಬಿಡಬೇಕಾಯಿತು. ಜ್ಞಾನದ ಮೊದಲ ಅಕ್ಷರ ಅಷ್ಟು ದುಬಾರಿ ಫೋನಿಗೆ ತಡೆಯಲಾಗಲಿಲ್ಲ.

ಇರಲಿ, ಅಜ್ಜನ ಫೈಲಿಗೆ ಬರೋಣ. ಆಸ್ಕಿಯಿಂದ ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಹಳೆಯ ಫೈಲಿನ ಆ ಇಂಗ್ಲಿಷ್ ಮಂತ್ರವನ್ನು ಕಾಪಿ ಮಾಡಿ ಅಲ್ಲಿ ಹಾಕಿ ಒತ್ತಿದರೆ ಕನ್ನಡ ಬರುತ್ತದೆ. ಯಾವ ಫಾಂಟಿನದು ಎಂದು ಗೊತ್ತಿದ್ದರೆ ಕೆಲಸ ಸುಲಭ. ನಮಗೆ ಸಿಕ್ಕದ್ದು ನುಡಿಯ ಫೈಲು. ಒಂದು ನಿಮಿಷದಲ್ಲಿ ಇಡೀ ಪ್ರಸಂಗ ಕನ್ನಡವಾಯಿತು. ತಲೆಬರಹ ಹೀಗೆ ಬಂತು: ‘ಕಣಾರ್ಜುರ್ನ ಕಾಳಗ’.

ಇದು ಅರ್ಕಾವತ್ತಿನ ಆಟ. ‘ಅರ್ಜುನ’ ಎನ್ನುವಾಗ ರ್ ಮೊದಲು ಹೇಳುತ್ತೇವೆ, ಜು ಆಮೇಲೆ. ಬರೆಯುವಾಗ ಮಾತ್ರ ಜು ಬರೆದು ಅದರ ಮುಂದೆ ಅರ್ಕಾವತ್ತು ಹಾಕುತ್ತೇವೆ. ಹಳೆಯ ಫಾಂಟಿನ ಫೈಲು ಕಣ್ಣಿಗೆ ಕಂಡ ಸಾಲಿನಲ್ಲೇ ಇಟ್ಟುಕೊಂಡಿತ್ತು. ಪರಿವರ್ತಕ ಅದನ್ನು ಒಂದು ಅಕ್ಷರ ಹಿಂದಕ್ಕೆ ಒಯ್ಯಬೇಕು. ನಾವು ಮೊದಲು ಬಳಸಿದ ಪರಿವರ್ತಕ ಒಯ್ಯಲಿಲ್ಲ. ಅಂತರ್ಜಾಲದಲ್ಲಿ ‘ಕನಾರ್ಟಕ’, ‘ಕಾಯರ್ಕ್ರಮ’ ಎಂಬ ಪದಗಳನ್ನು ನೋಡಿದ್ದರೆ ಅವು ಬರೆದವರ ಕಾಗುಣಿತದ ತಪ್ಪಲ್ಲ. ಹಳೆಯ ಫಾಂಟಿನಿಂದ ಬಂದ ವಲಸೆಗಾರರು.

ಬೇರೊಂದು ಪರಿವರ್ತಕ ಹುಡುಕಿ ಇನ್ನೊಮ್ಮೆ ಮಾಡಿದೆವು. ಅಲ್ಲಲ್ಲಿ ಉಳಿದ ತಪ್ಪುಗಳನ್ನು ನಾಲ್ಕು ಜನ ಹಂಚಿಕೊಂಡು ತಿದ್ದಿದೆವು. ಎರಡು ಪುಟ ಮಾತ್ರ ಎಷ್ಟು ಮಾಡಿದರೂ ಅರ್ಥವಾಗಲಿಲ್ಲ. ಅಂಗಡಿಯ ಹುಡುಗ ಆ ಎರಡು ಪುಟಕ್ಕೆ ಯಾವುದೋ ಬೇರೆ ಫಾಂಟು ಹಾಕಿದ್ದನೇನೋ.

ಅದನ್ನೂ ತೆಗೆದುಕೊಂಡು ಹಳ್ಳಿಗೆ ಹೋದೆವು. ಮೊದಲು ಕೆಟ್ಟು ಬಂದ ತಲೆಬರಹ ತೋರಿಸಿದೆವು. ಅಜ್ಜ ಕನ್ನಡಕ ಏರಿಸಿ ಓದಿ ನಕ್ಕರು.

‘ಶಾಪ ಇದ್ದದ್ದು ಕರ್ಣಗ. ಇದು ಅರ್ಜುನಗೂ ತಟ್ಟೇತಲ್ರೋ!’

ಆಮೇಲೆ ಸರಿಮಾಡಿದ್ದನ್ನು ಮೊಮ್ಮಗನ ಮೊಬೈಲಿನಲ್ಲಿ ತೆರೆದು ಕೊಟ್ಟೆವು. ಓದುತ್ತಾ ಓದುತ್ತಾ ದನಿ ತೆಗೆದರು, ಓದುವುದು ಪದವಾಯಿತು. ಅರ್ಥವಾಗದ ಆ ಎರಡು ಪುಟ ಬಂದಾಗ ಮೊಬೈಲನ್ನು ಮೊಮ್ಮಗನ ಕೈಗೆ ಕೊಟ್ಟು, ಕಣ್ಣು ಮುಚ್ಚಿ, ನೆನಪಿನಿಂದಲೇ ಹಾಡಿದರು. ಮೊಮ್ಮಗ ರೆಕಾರ್ಡ್ ಒತ್ತಿದ. ನಮ್ಮಲ್ಲೊಬ್ಬಳು ಕೇಳಿಕೊಂಡು ಟೈಪ್ ಮಾಡುತ್ತಾ ಹೋದಳು. ನಡುವೆ ಒಂದು ಸಾಲು ಅವರಿಗೂ ಮರೆತಿತ್ತು. ಹರಪನಹಳ್ಳಿ ಕಡೆ ಅವರ ಜೊತೆ ಕರ್ಣನ ಪಾತ್ರ ಮಾಡುತ್ತಿದ್ದ ಇನ್ನೊಬ್ಬರು ಇದ್ದಾರಂತೆ, ಅವರಿಗೆ ಬರಬಹುದು ಅಂದರು. ಬರುವ ಭಾನುವಾರ ಅಲ್ಲಿಗೆ ಹೊರಟಿದ್ದೇವೆ.

ನಿಮ್ಮ ಮನೆಯಲ್ಲೂ ಹಳೆಯ ಸಿ.ಡಿ., ಪೆನ್‌ಡ್ರೈವ್ ಇದ್ದರೆ, ತೆರೆದಾಗ ಇಂಗ್ಲಿಷ್ ಮಂತ್ರ ಕಂಡರೆ ಅಳಿಸಬೇಡಿ. ನಮಗೆ ಕಳಿಸಿ.